ಕಾಲಿನ ಹುಣ್ಣು ಕಲಿಸದ ಪಾಠ

1571ರಲ್ಲಿ ರೋಮ್ ನಗರದ ಸಾನ್ ಜಾಕೊಮೊ ಆಸ್ಪತ್ರೆಗೆ ಇಪ್ಪತ್ತೊಂದರ ಹರೆಯದ ಸಿಪಾಯಿಯೊಬ್ಬ ಬಂದು ಸೇರಿಕೊಂಡ. ಸುಮಾರು ಆರೂವರೆ ಅಡಿಯ ಆಳು. ಕಾಲಿನಲ್ಲೊಂದು ಹುಣ್ಣು. ಮಾಯಿತು ಅನ್ನುವಷ್ಟರಲ್ಲಿ ಮತ್ತೆ ಒಡೆಯುತ್ತಿತ್ತು, ಕೀವು ಸುರಿಯುತ್ತಿತ್ತು. ಅದು ವಾಸಿಯಾಗದ ರೋಗಗಳವರಿಗೆಂದೇ ಇದ್ದ ಆಸ್ಪತ್ರೆ. ಚಿಕಿತ್ಸೆ ಪಡೆಯುತ್ತಲೇ ಅಲ್ಲಿ ರೋಗಿಗಳ ಚಾಕರಿಗೆ ನಿಂತ. ಕೆಲಸಕ್ಕಿಂತ ಜಗಳವೇ ಹೆಚ್ಚು. ಕಣ್ತಪ್ಪಿಸಿ ಟೈಬರ್ ನದಿಯ ದೋಣಿಗಾರರ ಜೊತೆ ಜೂಜಿಗೆ ಹೋಗುತ್ತಿದ್ದ. ಕೆಲವು ತಿಂಗಳು ಸಹಿಸಿಕೊಂಡ ಆಸ್ಪತ್ರೆಯವರು ಕೊನೆಗೆ ಅವನನ್ನು ಹೊರಗೆ ಹಾಕಿದರು.

ಅವನ ಹೆಸರು ಕಮಿಲ್ಲಸ್ ದೆ ಲೆಲ್ಲಿಸ್. ಇಂದು ಕಥೋಲಿಕ ಧರ್ಮಸಭೆ ರೋಗಿಗಳಿಗೂ ಆಸ್ಪತ್ರೆಗಳಿಗೂ ದಾದಿಯರಿಗೂ ಪಾಲಕ ಸಂತರೆಂದು ಗೌರವಿಸುವುದು ಇದೇ ಮನುಷ್ಯನನ್ನು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಚರ್ಚುಗಳಲ್ಲಿ ಒಂದು ಪ್ರವಚನ ಖಾಯಂ. ನೋವು ಮನುಷ್ಯನ ಅಹಂಕಾರವನ್ನು ಮುರಿಯುತ್ತದೆ, ಕಷ್ಟ ಕಂಡವನಿಗೆ ಪರರ ಕಷ್ಟ ತಿಳಿಯುತ್ತದೆ ಎಂಬ ಮಾತು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅದು ಅಷ್ಟು ಸಲೀಸಾಗಿ ನಡೆಯುವ ವ್ಯವಹಾರವಾಗಿದ್ದರೆ ಕಮಿಲ್ಲಸ್ 1571ರಲ್ಲೇ ಸಂತನಾಗಬೇಕಿತ್ತು. ಹುಣ್ಣು ಇತ್ತು, ಬಡತನ ಇತ್ತು, ಸುತ್ತಲೂ ನರಳುವವರಿದ್ದರು. ಪಾಠಕ್ಕೆ ಬೇಕಾದ ಸಾಮಗ್ರಿಯೆಲ್ಲ ಕೈಯಳತೆಯಲ್ಲೇ ಇದ್ದರೂ ಅವನು ಕಲಿತದ್ದು ಏನೂ ಇಲ್ಲ.

ಇದಕ್ಕೆ ಸರಿಸಾಟಿಯಾದ ಇನ್ನೊಂದು ಕಾಲಿನ ಕಥೆಯೂ ಧರ್ಮಸಭೆಯ ಚರಿತ್ರೆಯಲ್ಲಿದೆ. 1521ರ ಮೇ 20ರಂದು ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫ್ರೆಂಚರ ಫಿರಂಗಿ ಗುಂಡು ಬಡಿದು ಲೊಯೋಲಾದ ಇನಿಗೊ ಎಂಬ ಯೋಧನ ಕಾಲು ಮುರಿಯಿತು. ಮುಂದೆ ಯೇಸುಸಭೆ ಎಂಬ ಸನ್ಯಾಸಿ ಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಇವನೇ. ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡು ಮಂಡಿಯ ಕೆಳಗೆ ಗಂಟಾಗಿ ಉಬ್ಬಿ ನಿಂತಿತು. ಬಿಗಿಯಾದ ಬೂಟು ಹಾಕಿಕೊಂಡರೆ ಅದು ಅಸಹ್ಯವಾಗಿ ಕಾಣುತ್ತದೆಂದು, ಅರಿವಳಿಕೆ ಎಂಬುದೇ ಇಲ್ಲದ ಆ ಕಾಲದಲ್ಲಿ, ಉಬ್ಬಿದ ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡ. ಮುಪ್ಪಿನಲ್ಲಿ ಇಗ್ನೇಷಿಯಸ್ ತಾವೇ ಇದನ್ನು ಹೇಳಿ ಬರೆಯಿಸಿದ್ದಾರೆ. ಆ ನೋವು ಅವನನ್ನು ತಗ್ಗಿಸಲಿಲ್ಲ, ಅವನ ಒಣಜಂಬಕ್ಕೇ ದುಡಿಯಿತು. ಬದಲಾವಣೆ ಶುರುವಾದದ್ದು ಆಮೇಲೆ, ಹಾಸಿಗೆಯಲ್ಲಿ ಬಿದ್ದು ಓದಲು ವೀರಕಥೆಗಳು ಸಿಗದೆ ಕ್ರಿಸ್ತನ ಚರಿತ್ರೆಯನ್ನೂ ಸಂತರ ಕಥೆಗಳನ್ನೂ ಕೈಗೆತ್ತಿಕೊಂಡಾಗ.

ನೋವು ತಾನೇ ಗುರುವಲ್ಲವೆಂದಾದರೆ ಕಮಿಲ್ಲಸ್‌ಗೆ ಪಾಠ ಹೇಳಿದ್ದು ಯಾವುದು?

ಆಸ್ಪತ್ರೆಯಿಂದ ಹೊರಬಿದ್ದವನು ಮತ್ತೆ ಸೈನ್ಯ ಸೇರಿದ. 1550ರಲ್ಲಿ ಅಬ್ರುಜ್ಜೊ ಸೀಮೆಯ ಬುಕ್ಕಿಯಾನಿಕೊದಲ್ಲಿ ಸೈನಿಕನ ಮಗನಾಗಿ ಹುಟ್ಟಿದವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ತುರ್ಕರ ವಿರುದ್ಧ ವೆನಿಸ್ ಪರವಾಗಿ ಕಾದಾಡಿದ. ದುಡಿದದ್ದನ್ನೆಲ್ಲ ಜೂಜಿನಲ್ಲಿ ಕಳೆದ. 1574ರಲ್ಲಿ ನೇಪಲ್ಸ್‌ನಲ್ಲಿ ಕತ್ತಿ, ಮೇಲಂಗಿ ಎಲ್ಲವನ್ನೂ ಸೋತು ಉಟ್ಟ ಅಂಗಿಯನ್ನೂ ಕಳೆದುಕೊಂಡನಂತೆ. ಆ ಚಳಿಗಾಲದಲ್ಲಿ ಮಾನ್‌ಫ್ರೆದೋನಿಯಾ ಎಂಬ ಊರಿನ ಚರ್ಚಿನ ಬಾಗಿಲಲ್ಲಿ ತಿರುಪೆಗೆ ನಿಂತ. ಆಳೆತ್ತರದ ಸಿಪಾಯಿ ಕೈಚಾಚಿ ನಿಲ್ಲುವುದೆಂದರೆ ಅವನ ಮಟ್ಟಿಗೆ ಸಾವಿಗೆ ಸಮ. ಅಲ್ಲಿ ಕಪುಚಿನ್ ಸನ್ಯಾಸಿಗಳು ಮಠದ ಕಟ್ಟಡ ಕಟ್ಟಿಸುತ್ತಿದ್ದರು. ಕಲ್ಲು, ಸುಣ್ಣ ಹೊರುವ ಕೂಲಿ ಸಿಕ್ಕಿತು. ಕತ್ತೆಗಳನ್ನು ಹೊಡೆದುಕೊಂಡು ಹೋಗುವ ಇವನನ್ನು ಊರಿನ ಹುಡುಗರು ಗೇಲಿ ಮಾಡಿದರು.

ಒಂದು ದಿನ ಸಾನ್ ಜೊವಾನ್ನಿ ರೊತೊಂದೊ ಮಠಕ್ಕೆ ಏನನ್ನೋ ತಲುಪಿಸಲು ಹೋದಾಗ ಅಲ್ಲಿಯ ಹಿರಿಯ ಸನ್ಯಾಸಿಯೊಬ್ಬರು ಈ ಕೂಲಿಯವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ಮಾತನಾಡಿದರು. ಮರುದಿನ, 1575ರ ಫೆಬ್ರವರಿ 2ರಂದು, ಹಿಂದಿರುಗುವ ದಾರಿಯಲ್ಲಿ ಕಮಿಲ್ಲಸ್ ನೆಲಕ್ಕೆ ಮೊಣಕಾಲೂರಿ ಅತ್ತ. ಅವನ ಜೀವನ ಬರೆದವರೆಲ್ಲ ಇದನ್ನು ಮನಪರಿವರ್ತನೆಯ ಗಳಿಗೆ ಎನ್ನುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಆ ದಿನಗಳಲ್ಲಿ ಅವನಿಗೆ ಸಿಕ್ಕಿದ್ದೇನು ಎಂಬುದನ್ನು. ಹುಣ್ಣು ಹಳೆಯದು, ಅವಮಾನವೂ ಹೊಸದಲ್ಲ. ಹೊಸದಾಗಿ ಸಿಕ್ಕದ್ದು ಅನ್ನ, ಕೆಲಸ, ಮತ್ತು ತನ್ನನ್ನು ಮನುಷ್ಯನೆಂದು ಬಗೆದು ಕೂರಿಸಿಕೊಂಡು ಆಡಿದ ಮಾತು. ಮೂರೂ ಅವನು ಗಳಿಸಿದ್ದಲ್ಲ, ಬೇರೆಯವರು ಕೊಟ್ಟದ್ದು.

ಕಪುಚಿನ್ ಮಠ ಸೇರಿದ. ಸನ್ಯಾಸಿಯ ಒರಟು ನಿಲುವಂಗಿ ಉಜ್ಜಿ ಉಜ್ಜಿ ಹುಣ್ಣು ಮತ್ತೆ ಬಾಯಿ ಬಿಟ್ಟಿತು. ರೋಗಿಷ್ಟರನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಮಠದವರು ಕಳುಹಿಸಿಬಿಟ್ಟರು. ಅವನು ಹೋಗಿ ಬಿದ್ದದ್ದು ಹಿಂದೆ ತನ್ನನ್ನು ಹೊರಗೆ ಅಟ್ಟಿದ್ದ ಸಾನ್ ಜಾಕೊಮೊ ಆಸ್ಪತ್ರೆಯ ಬಾಗಿಲಲ್ಲೇ. ಹುಣ್ಣು ಮಾಯಿತೆಂದು ಮತ್ತೊಮ್ಮೆ ಮಠಕ್ಕೆ ಹೋದ, ಅದು ಮತ್ತೆ ಒಡೆಯಿತು, ಮತ್ತೆ ಅದೇ ಆಸ್ಪತ್ರೆ. ಸನ್ಯಾಸಿಯಾಗುವ ಆಸೆಗೆ ಕಾಲೇ ಅಡ್ಡ ಬಂತು. ಈ ಬಾರಿ ಅವನು ಅಲ್ಲಿಯೇ ಉಳಿದ, ಕೆಲಸ ಕಲಿತ, ಕೆಲವೇ ವರ್ಷಗಳಲ್ಲಿ ಆಸ್ಪತ್ರೆಯ ಮೇಲ್ವಿಚಾರಕನಾದ.

ಆಗಿನ ರೋಮ್‌ನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಬೇರೆಲ್ಲೂ ಕೆಲಸ ಸಿಗದೆ ಕೂಲಿಗೆ ಬಂದವರು. ಕೊಳೆತ ಹಾಸಿಗೆಯಲ್ಲಿ ಮಲಗಿಸುವುದು, ಊಟವನ್ನು ಪಕ್ಕಕ್ಕೆ ಇಟ್ಟು ಹೋಗುವುದು, ಕೈ ಎತ್ತಲಾಗದವನು ಹಸಿದೇ ಇರುವುದು, ಪ್ರಾಣ ಪೂರ್ತಿ ಹೋಗುವ ಮೊದಲೇ ಮುಖಕ್ಕೆ ಬಟ್ಟೆ ಎಳೆದು ಹೊರಗೆ ಸಾಗಿಸುವುದು. ಕಮಿಲ್ಲಸ್ ಇದನ್ನೆಲ್ಲ ಹಾಸಿಗೆಯಲ್ಲಿ ಮಲಗಿಯೂ ನೋಡಿದ್ದ, ಹಾಸಿಗೆಯ ಪಕ್ಕ ನಿಂತು ತಾನೇ ಮಾಡಿಯೂ ಇದ್ದ. 1571ರ ಆ ಸೋಮಾರಿ ಚಾಕರ ಅವನೇ ಅಲ್ಲವೇ? ರೋಗಿಗೆ ಏನು ಬೇಕು, ಚಾಕರಿಯವನು ಎಲ್ಲಿ ಕೈಕೊಡುತ್ತಾನೆ ಎಂಬುದು ಅವನಿಗೆ ಯಾವ ಪುಸ್ತಕವೂ ಇಲ್ಲದೆ ತಿಳಿದಿತ್ತು. ವಿನಯ ಎಂಬ ಗುಣದ ಬಗ್ಗೆ ಎಷ್ಟೋ ಮಾತು ಕೇಳುತ್ತೇವೆ. ಇವನ ವಿಷಯದಲ್ಲಿ ಅದರ ಬೇರು ಇಲ್ಲಿತ್ತು: ಬೇರೆಯವರ ಕೈಯಲ್ಲಿ ಬಿದ್ದಿದ್ದ ನೆನಪು, ತನ್ನ ಕೈಯಲ್ಲಿ ಬಿದ್ದವರನ್ನು ಕೈಬಿಟ್ಟಿದ್ದ ನೆನಪು.

1582ರ ಆಗಸ್ಟ್‌ನಲ್ಲಿ ಅವನಿಗೊಂದು ಯೋಚನೆ ಹೊಳೆಯಿತು. ಕೂಲಿಯ ಆಸೆಯಿಲ್ಲದೆ, ದೇವರ ಪ್ರೀತಿಗಾಗಿ ರೋಗಿಗಳನ್ನು ನೋಡಿಕೊಳ್ಳುವ ಒಂದು ತಂಡ ಕಟ್ಟಬೇಕು. ಐದಾರು ಮಂದಿ ಜೊತೆಗೂಡಿದರು. ಆಸ್ಪತ್ರೆಯ ಒಂದು ಕೋಣೆಯಲ್ಲಿ ಶಿಲುಬೆ ಇಟ್ಟು ಪ್ರಾರ್ಥನೆಗೆ ಸೇರತೊಡಗಿದರು. ಇವರು ಆಸ್ಪತ್ರೆಯನ್ನೇ ಕೈವಶ ಮಾಡಿಕೊಳ್ಳಲು ಹೊರಟಿದ್ದಾರೆಂದು ಆಡಳಿತದವರಿಗೆ ಗುಮಾನಿ ಬಂದು ಕೋಣೆಯನ್ನು ತೆರವು ಮಾಡಿಸಿದರು. ಒಳ್ಳೆಯ ಕೆಲಸಕ್ಕೆ ಮೊದಲ ಅಡ್ಡಿ ಒಳಗಿನಿಂದಲೇ ಬರುವುದು ಧರ್ಮಸಂಸ್ಥೆಗಳ ಹಳೆಯ ರೂಢಿ. ಅವನ ಪಾಪನಿವೇದನೆ ಕೇಳುತ್ತಿದ್ದವರು ರೋಮ್‌ನ ಪ್ರಸಿದ್ಧ ಗುರು ಫಿಲಿಪ್ ನೇರಿ. ಮುಂದೆ ಅವರೂ ಸಂತರೆನಿಸಿದರು. ನಿನ್ನಂಥ ಓದುಬರಹ ಬಾರದವನು ಜನರನ್ನು ಮುನ್ನಡೆಸುವುದು ಆಗದ ಮಾತು, ಆಸ್ಪತ್ರೆ ಬಿಟ್ಟು ಹೊರಡಬೇಡ ಎಂದು ಅವರೇ ತಡೆದರು.

ಗುರುವಾಗದೆ ತಂಡ ನಿಲ್ಲುವುದಿಲ್ಲವೆಂದು ಗೊತ್ತಾದಾಗ ಮೂವತ್ತೆರಡರ ಆ ದೈತ್ಯ ಯೇಸುಸಭೆಯವರ ರೋಮನ್ ಕಾಲೇಜಿನಲ್ಲಿ ಎಳೆಯ ಹುಡುಗರ ಪಕ್ಕ ಬೆಂಚಿನ ಮೇಲೆ ಕುಳಿತು ಲ್ಯಾಟಿನ್ ವ್ಯಾಕರಣ ಬಾಯಿಪಾಠ ಮಾಡಿದ. ಬಹಳ ತಡವಾಗಿ ಬಂದೆಯಲ್ಲ ಎಂದು ಹುಡುಗರು ಚುಡಾಯಿಸುತ್ತಿದ್ದರಂತೆ. 1584ರಲ್ಲಿ ಗುರುದೀಕ್ಷೆಯಾಯಿತು. 1586ರಲ್ಲಿ ಪೋಪ್ ಐದನೆಯ ಸಿಕ್ಸ್‌ತಸ್ ತಂಡಕ್ಕೆ ಒಪ್ಪಿಗೆ ಕೊಟ್ಟರು, ಕಪ್ಪು ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಧರಿಸಲೂ ಅನುಮತಿ ಸಿಕ್ಕಿತು. 1591ರಲ್ಲಿ ಅದು ಪೂರ್ಣ ಪ್ರಮಾಣದ ಸನ್ಯಾಸಿ ಸಭೆಯಾಯಿತು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮಾಮೂಲಿ ಮೂರು ವ್ರತಗಳ ಜೊತೆಗೆ ನಾಲ್ಕನೆಯದೊಂದು ಸೇರಿತು: ಪ್ರಾಣಕ್ಕೆ ಅಪಾಯವಿದ್ದರೂ ರೋಗಿಗಳ ಸೇವೆ ಬಿಡುವುದಿಲ್ಲ. ನೇಪಲ್ಸ್ ಬಂದರಿನ ಹೊರಗೆ ಸೋಂಕು ಹೊತ್ತು ನಿಂತಿದ್ದ ಹಡಗುಗಳೊಳಗೆ ಹೋಗಿ ಸೇವೆ ಮಾಡಿದ ಅವರ ಸಂಗಡಿಗರಿಬ್ಬರು ಅದಕ್ಕೂ ಮುಂಚೆಯೇ ಪ್ರಾಣ ಕೊಟ್ಟಿದ್ದರು.

ಕಮಿಲ್ಲಸ್ ಗುರುಗಳು ಬರೆದ ನಿಯಮಗಳಲ್ಲಿ ಮುಖ್ಯವಾದ ಒಂದು ಬೇಡಿಕೆಯಿದೆ. ಒಬ್ಬನೇ ಮಗ ಕಾಯಿಲೆ ಬಿದ್ದಾಗ ತಾಯಿ ನೋಡಿಕೊಳ್ಳುವ ಅಕ್ಕರೆ ತಮಗೂ ಬರಲಿ ಎಂದು ಪ್ರತಿಯೊಬ್ಬನೂ ದೇವರಲ್ಲಿ ಕೇಳಿಕೊಳ್ಳಬೇಕು. ಇದು ಬರೀ ಭಾವುಕತೆಯಾಗಿ ಉಳಿಯಲಿಲ್ಲ. ಹಾಸಿಗೆ ಒಗೆದದ್ದಿರಬೇಕು. ಕೋಣೆಗೆ ಗಾಳಿ ಬರಬೇಕು. ರೋಗಿಗೆ ಅವನ ಕಾಯಿಲೆಗೆ ತಕ್ಕ ಊಟ ಕೊಡಬೇಕು, ತಿನ್ನಲಾಗದವನಿಗೆ ತಿನ್ನಿಸಬೇಕು. ಸತ್ತಂತೆ ಕಂಡವನ ಮುಖ ಕೂಡಲೇ ಮುಚ್ಚಕೂಡದು, ಇನ್ನೂ ಕಾಲು ಗಂಟೆ ಪಕ್ಕದಲ್ಲಿ ನಿಂತು ಪ್ರಾರ್ಥನೆ ಮುಂದುವರಿಸಬೇಕು. ರೋಗಿಗಳನ್ನು ಅವರು ಕರೆಯುತ್ತಿದ್ದುದು ಒಡೆಯರೆಂದು. ಹಾಸಿಗೆಯ ಮುಂದೆ ಮೊಣಕಾಲೂರಿ, ಕ್ರಿಸ್ತನ ಮುಂದೆ ಹೇಳುವಂತೆ, ತಮ್ಮ ಹಳೆಯ ಪಾಪಗಳನ್ನು ಹೇಳಿಕೊಂಡದ್ದನ್ನು ನೋಡಿದವರಿದ್ದರು. 1598ರ ಕ್ರಿಸ್‌ಮಸ್ ಸಮಯದಲ್ಲಿ ಟೈಬರ್ ಉಕ್ಕಿ ಸಾಂತೊ ಸ್ಪಿರಿತೊ ಆಸ್ಪತ್ರೆಗೆ ನುಗ್ಗಿದಾಗ ಹುಣ್ಣುಗಾಲಿನ ಈ ಗುರು ಮೊಣಕಾಲುದ್ದ ನೀರಿನಲ್ಲಿ ರೋಗಿಗಳನ್ನು ಹೆಗಲ ಮೇಲೆ ಹೊತ್ತು ಮೇಲಂತಸ್ತಿಗೆ ಸಾಗಿಸಿದರು.

ಇದೇ ರೋಮ್, ಇದೇ ಕಾಲ. 1591ರ ಸಾಂಕ್ರಾಮಿಕದಲ್ಲಿ ಇನ್ನೊಬ್ಬ ತರುಣ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಎತ್ತಿ ಆಸ್ಪತ್ರೆಗೆ ಹೊರುತ್ತಿದ್ದ. ಮಾರ್ಕ್ವಿಸ್ ಪದವಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದ್ದ ಅಲೋಶಿಯಸ್ ಗೊನ್ಜಾಗ. ಮೊದಮೊದಲು ರೋಗಿಗಳ ಹತ್ತಿರ ಹೋಗಲು ಅವನಿಗೆ ಹೇಸಿಗೆಯಾಗುತ್ತಿತ್ತು. ಅದನ್ನು ಮೀರಿ ಕೆಲಸ ಮಾಡಿದ, ಸೋಂಕು ತಗುಲಿತು, ಜೂನ್ 21ರಂದು ತೀರಿಕೊಂಡ. ಆಗ ವಯಸ್ಸು ಇಪ್ಪತ್ತಮೂರು. ಮಂಗಳೂರಿನಲ್ಲಿ 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜು ಅವನ ಹೆಸರಿನದು. ಅಲ್ಲಿಯ ಚಾಪೆಲ್‌ನ ಚಾವಣಿಯಲ್ಲಿ ಇಟಲಿಯ ಆಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳನ್ನು ಪ್ರವಾಸಿಗರು ಕತ್ತೆತ್ತಿ ನೋಡಿ ಫೋಟೊ ಹೊಡೆದುಕೊಂಡು ಬರುತ್ತಾರೆ. ಹೆಣ ಬೀಳುವ ಬೀದಿಗಳಲ್ಲಿ ಮುಗಿದ ಬದುಕೊಂದರ ಕಥೆ ಅದು ಎಂಬುದು ಎಷ್ಟು ಜನರಿಗೆ ಹೊಳೆಯುತ್ತದೋ.

ಆ ಕಾಲೇಜಿನ ಆರಂಭದ ದಿನಗಳಲ್ಲಿ ಅಲ್ಲಿದ್ದ ಜರ್ಮನ್ ಗುರು ಅಗಸ್ಟಸ್ ಮುಲ್ಲರ್ ಯೇಸುಸಭೆಯ ಮೊದಲ ತಂಡದೊಂದಿಗೆ 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದವರು. 1880ರಲ್ಲಿ ಬಡವರಿಗೆ ಹೋಮಿಯೊಪಥಿ ಔಷಧಿ ಕೊಡತೊಡಗಿದರು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು, ಆಮೇಲೆ ಪ್ಲೇಗ್ ಬಂದಾಗ ಆ ರೋಗಿಗಳಿಗೂ ಜಾಗ ಮಾಡಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಹೀಗೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಸಿವಿಸಿ ಉಳಿಯುತ್ತದೆ. ನೋವಿಗೆ ಅರ್ಥ ಹುಡುಕುವ ಧರ್ಮ, ನೋವನ್ನೇ ಮುದ್ದಿಸತೊಡಗಿದರೆ? ಈ ಅನುಮಾನ ಹೊರಗಿನವರದ್ದು ಮಾತ್ರವಲ್ಲ. 1994ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ಆಗಿನ ಸಂಪಾದಕ ರಾಬಿನ್ ಫಾಕ್ಸ್ ಕೊಲ್ಕತ್ತದಲ್ಲಿ ಮದರ್ ತೆರೇಸಾ ಅವರ ಸನ್ಯಾಸಿನಿಯರು ಸಾಯುವವರನ್ನು ನೋಡಿಕೊಳ್ಳುವ ಮನೆಗೆ ಹೋಗಿ ಬಂದು ಬರೆದರು. ಅಲ್ಲಿಯ ಶುಚಿತ್ವ, ಅಕ್ಕರೆಯನ್ನು ಮೆಚ್ಚಿದ ಅವರು ಬಲವಾದ ನೋವುನಿವಾರಕಗಳು ಇಲ್ಲದ್ದನ್ನು ಗುರುತಿಸಿ ಟೀಕಿಸಿದರು. ಆ ಟೀಕೆಗೆ ಸಿಟ್ಟಾದ ಭಕ್ತರು ಬಹಳ. ಆದರೆ ಧರ್ಮಸಭೆಯ ಅಧಿಕೃತ ಬೋಧನೆಯೇ ಟೀಕಾಕಾರರ ಕಡೆಗಿದೆ. 1957ರ ಫೆಬ್ರವರಿಯಲ್ಲಿ ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರಿಸುತ್ತ ಪೋಪ್ ಹನ್ನೆರಡನೆಯ ಪಿಯುಸ್ ಸ್ಪಷ್ಟವಾಗಿ ಹೇಳಿದರು: ನೋವನ್ನು ಅನುಭವಿಸಲೇಬೇಕೆಂಬ ಕಟ್ಟಳೆ ಕ್ರೈಸ್ತನಿಗೆ ಇಲ್ಲ. ನೋವು ತಗ್ಗಿಸುವ ಔಷಧಿಯಿಂದ ಆಯುಸ್ಸು ಸ್ವಲ್ಪ ಕಡಿಮೆಯಾಗುವಂತಿದ್ದರೂ, ಸಾಯಿಸುವ ಉದ್ದೇಶವಿಲ್ಲದೆ ಕೊಟ್ಟರೆ, ತಪ್ಪಿಲ್ಲ.

1897ರಲ್ಲಿ ಫ್ರಾನ್ಸಿನ ಲಿಸ್ಯೂ ಮಠದಲ್ಲಿ ಕ್ಷಯದಿಂದ ಸತ್ತ ಸಂತ ತೆರೇಸಾಳನ್ನು ಭಕ್ತರು ಗುಲಾಬಿ ಹೂಗಳ ನಡುವೆ ನಗುವ ಹುಡುಗಿಯಾಗಿ ಕಾಣುತ್ತಾರೆ. ಕೊನೆಯ ದಿನಗಳಲ್ಲಿ ಅವಳು ಹೇಳಿದ ಮಾತು ಬೇರೆ ತರಹದ್ದು. ಇಷ್ಟು ನೋವಿರುವ ರೋಗಿಯ ಕೈಗೆ ಸಿಗುವಂತೆ ವಿಷಕಾರಿ ಔಷಧಿಗಳನ್ನು ಇಡಬೇಡಿ ಎಂದು ಮಠದವರನ್ನು ಎಚ್ಚರಿಸಿದಳು. ಸಂತಳ ಬಾಯಿಂದ ಬಂದ ಈ ಮಾತು ನೂರು ಪ್ರವಚನಗಳಿಗಿಂತ ಪ್ರಾಮಾಣಿಕವಾದದ್ದು. ನೋವು ಕೆಲವರನ್ನು ಮುರಿದೇ ಹಾಕುತ್ತದೆ, ಅದಕ್ಕೆ ಅವರ ನಂಬಿಕೆ ಕಡಿಮೆಯೆಂದು ಯಾರೂ ತೀರ್ಪು ಕೊಡಬೇಕಾಗಿಲ್ಲ.

ಬೈಬಲಿನ ಯೋಬನ ಕಥೆಯಲ್ಲಿ ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತವನ ಎದುರು ಮೂವರು ಗೆಳೆಯರು ಬರುತ್ತಾರೆ. ಏಳು ದಿನ ಸುಮ್ಮನೆ ಕೂತಿರುವವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದದ್ದೇ ತಡ, ನಮ್ಮ ಊರುಗಳಲ್ಲೂ ಕೇಳುವ 'ಮಾಡಿದ್ದುಣ್ಣೋ ಮಹರಾಯ' ಎಂಬ ಧಾಟಿಯೇ. ಕೊನೆಗೆ ದೇವರು ಸಿಟ್ಟಾಗುವುದು ದೇವರನ್ನು ತರಾಟೆಗೆ ತೆಗೆದುಕೊಂಡ ಯೋಬನ ಮೇಲಲ್ಲ, ದೇವರ ಪರ ವಕಾಲತ್ತು ವಹಿಸಿದ ಈ ಗೆಳೆಯರ ಮೇಲೆ. ಯೊವಾನ್ನನ ಶುಭಸಂದೇಶದಲ್ಲಿ ಹುಟ್ಟುಕುರುಡನನ್ನು ತೋರಿಸಿ, ಇದು ಯಾರ ಪಾಪದ ಫಲ ಎಂದು ಶಿಷ್ಯರು ಕೇಳಿದಾಗ ಯೇಸು ಆ ಲೆಕ್ಕಾಚಾರವನ್ನೇ ತಳ್ಳಿಹಾಕುತ್ತಾರೆ. ಅದೇ ಶುಭಸಂದೇಶದಲ್ಲಿ ಮುಂದೆ, ಶಿಲುಬೆಗೇರುವ ಹಿಂದಿನ ರಾತ್ರಿ, ಅವರು ಬೋಗುಣಿ ಹಿಡಿದು ಶಿಷ್ಯರ ಕಾಲು ತೊಳೆಯುತ್ತಾರೆ. ಪೇತ್ರ ಮೊದಲು ಒಪ್ಪುವುದಿಲ್ಲ. ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದು ಅವನಿಗೆ ಕಷ್ಟವಾಗುತ್ತದೆ. ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಬೇರೆಯವರಿಂದ ಮೈ ಒರೆಸಿಸಿಕೊಂಡ ಯಾರಿಗೂ ಪೇತ್ರನ ಸಂಕೋಚವನ್ನು ವಿವರಿಸಬೇಕಾಗಿಲ್ಲ.

ಗುಂಡೇಟು ತಿಂದು ಬದುಕಿದ ಪೋಪ್ ಎರಡನೆಯ ಜಾನ್ ಪಾಲ್ 1984ರ ಫೆಬ್ರವರಿ 11ರಂದು ನರಳಾಟದ ಕ್ರೈಸ್ತ ಅರ್ಥವನ್ನು ಕುರಿತು ಒಂದು ಪತ್ರ ಬರೆದರು. ಅದಕ್ಕೆ ಸುಮಾರು ಒಂದೂವರೆ ತಿಂಗಳು ಮುಂಚೆ ತಮಗೆ ಗುಂಡು ಹಾರಿಸಿದವನನ್ನು ಸೆರೆಮನೆಯಲ್ಲಿ ಭೇಟಿಯಾಗಿ ಬಂದಿದ್ದರು. ತನ್ನ ನೋವನ್ನು ಕ್ರಿಸ್ತನ ನೋವಿನೊಡನೆ ಸೇರಿಸಿ ಪರರಿಗಾಗಿ ಅರ್ಪಿಸುವುದರ ಬಗ್ಗೆ ಅಲ್ಲಿ ಸಾಕಷ್ಟಿದೆ. ಆದರೆ ಪತ್ರದ ಕೊನೆಯ ಭಾಗ ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿದ ಸಮಾರಿಯದವನ ಕಥೆಗೆ ಮೀಸಲು. ತನಗೆ ಬಂದ ನೋವಿನಿಂದ ಒಳಿತು ಮಾಡಬೇಕು, ನೋವಿನಲ್ಲಿರುವವರಿಗೂ ಒಳಿತು ಮಾಡಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವವರು ಅರ್ಧ ಪತ್ರ ಓದಿದವರು.

ಕಮಿಲ್ಲಸ್‌ಗೆ ಕೊನೆಗಾಲದಲ್ಲಿ ಐದು ಬಾಧೆಗಳಿದ್ದವು. ನಲವತ್ತಕ್ಕೂ ಹೆಚ್ಚು ವರ್ಷ ಮಾಯದ ಆ ಹುಣ್ಣು, ಹರ್ನಿಯಾ, ಅಂಗಾಲಿನ ಆಣಿಗಳು, ಮೂತ್ರಪಿಂಡದ ಕಲ್ಲು, ಅನ್ನ ಸೇರದ ಹೊಟ್ಟೆ. ಇವನ್ನು ಅವರು ದೇವರ ಕರುಣೆಗಳೆಂದು ಎಣಿಸುತ್ತಿದ್ದರು. ಆ ಮಾತು ಅವರ ಸ್ವಂತ ಮೈಯ ಲೆಕ್ಕ. ರೋಗಿಯ ಹಾಸಿಗೆಯ ಬಳಿ ಹೋದಾಗ ಅವರು ಮಾಡುತ್ತಿದ್ದುದು ದಿಂಬು ಸರಿಪಡಿಸುವ ಕೆಲಸ. ಪ್ರವಚನಕಾರರು ಬಹಳ ಸಲ ಮರೆಯುವುದು ಈ ವ್ಯತ್ಯಾಸವನ್ನೇ.

ಅವರು ಸುಲಭದ ಮನುಷ್ಯರೂ ಆಗಿರಲಿಲ್ಲ. ಸಭೆಯವರೆಲ್ಲ ಆಸ್ಪತ್ರೆಗಳ ಒಳಗೇ ಇದ್ದು ಮಲಮೂತ್ರ ಎತ್ತುವುದರಿಂದ ಹಿಡಿದು ಎಲ್ಲ ಕೆಲಸ ಮಾಡಬೇಕೆಂದು ಹಟ ಹಿಡಿದರು. ಗುರುಗಳಾದವರು ಪ್ರಾರ್ಥನೆ, ಸಂಸ್ಕಾರಗಳನ್ನು ನೋಡಿಕೊಂಡರೆ ಸಾಲದೇ ಎಂದವರೊಡನೆ ವರ್ಷಗಟ್ಟಲೆ ಜಟಾಪಟಿ ನಡೆಯಿತು. ಸಭೆ ಸಾಲದಲ್ಲಿ ಮುಳುಗಿತು. 1607ರಲ್ಲಿ ತಾವೇ ಕಟ್ಟಿದ ಸಭೆಯ ಮುಖ್ಯಸ್ಥನ ಪಟ್ಟ ಬಿಟ್ಟುಕೊಟ್ಟು ಸಾಮಾನ್ಯ ಸದಸ್ಯರಾಗಿ ವಾರ್ಡಿಗೆ ಮರಳಿದರು. ನಡೆಯಲಾಗದಿದ್ದಾಗ ಹಾಸಿಗೆಯಿಂದ ಹಾಸಿಗೆಗೆ ತೆವಳಿಕೊಂಡು ಹೋಗುತ್ತಿದ್ದರೆಂದು ಸಂಗಡಿಗರು ಬರೆದಿದ್ದಾರೆ. 1614ರ ಜುಲೈ 14ರಂದು ರೋಮ್‌ನಲ್ಲಿ ತೀರಿಕೊಂಡರು. 1746ರಲ್ಲಿ ಸಂತ ಪದವಿ ಸಿಕ್ಕಿತು.

ಅವರ ಸಭೆಯವರು ಕರ್ನಾಟಕದಲ್ಲೂ ಇದ್ದಾರೆ. ಎಚ್‌ಐವಿ ಎಂದರೆ ಬಂಧುಗಳೇ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಸ್ನೇಹದಾನದಲ್ಲಿ ಅಂಥವರನ್ನು ಇಟ್ಟುಕೊಂಡು ನೋಡಿಕೊಂಡವರು ಇದೇ ಕೆಂಪು ಶಿಲುಬೆಯವರು.

ಇಂದು ನಮ್ಮ ನಾಡಿನಲ್ಲಿ ಸಂತರ ಹೆಸರು ಹೊತ್ತ ಆಸ್ಪತ್ರೆಗಳು ಎಷ್ಟೋ ಇವೆ. ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಬಿಲ್ಲಿಂಗ್ ಕೌಂಟರ್. ಖರ್ಚಿಲ್ಲದೆ ಆಸ್ಪತ್ರೆ ನಡೆಯದು, ನಿಜ. ಆದರೆ ಅಡ್ವಾನ್ಸ್ ಕಟ್ಟಲಾಗದೆ ನಿಂತವನನ್ನು ಆ ಕೌಂಟರಿನವರು ಹೇಗೆ ಮಾತನಾಡಿಸುತ್ತಾರೆ, ರಾತ್ರಿ ಪಾಳಿಯ ಆಯಾ ಬೆಡ್‌ಪ್ಯಾನ್ ಕೇಳಿದ ಮುದುಕಿಗೆ ಎಷ್ಟು ಹೊತ್ತಿಗೆ ತಂದುಕೊಡುತ್ತಾಳೆ, ಆ ಆಯಾಳಿಗೆ ಸಿಗುವ ಸಂಬಳವೆಷ್ಟು ಎಂದು ಆಡಳಿತ ಮಂಡಳಿಯ ಗುರುಗಳೂ ಸನ್ಯಾಸಿನಿಯರೂ ವಿಚಾರಿಸಿ ನೋಡಲಿ. ಪ್ರತಿವರ್ಷ ಜುಲೈ 14ಕ್ಕೆ ಸಂತ ಕಮಿಲ್ಲಸ್ ಹಬ್ಬ ಬರುತ್ತದೆ. ಆ ದಿನ ಪೂಜೆ ಮುಗಿಸಿಕೊಂಡು ಅವರು ಸಾಮಾನ್ಯ ವಾರ್ಡಿನಲ್ಲಿ ಒಂದು ಪಾಳಿ ಕೆಲಸ ಮಾಡಲಿ.